ತೀರ್ಪುಗಾರನ ಬೆನ್ನು

ಪಟ್ಟೆ ಅಂಗಿಯ ತೀರ್ಪುಗಾರ ಈ ಸಲವೂ ಬೆನ್ನು ತಿರುಗಿಸಿಕೊಂಡೇ ನಿಂತಿದ್ದ. ಹಗ್ಗದ ಹೊರಗಿನಿಂದ ಯಾವನೋ ಒಬ್ಬ ಕೈ ಬೀಸುತ್ತ ಅವನನ್ನು ಬೈಯುತ್ತಿದ್ದ, ಇವನು ಅವನಿಗೆ ನಿಯಮ ಹೇಳುವುದರಲ್ಲಿ ಮುಳುಗಿದ್ದ. ಹಿಂದೆ, ಎರಡು ಮಾರು ದೂರದಲ್ಲಿ, ಕಪ್ಪು ಕೋಟಿನ ದಾಂಡಿಗ ಮಡಚುವ ಕಬ್ಬಿಣದ ಕುರ್ಚಿಯೆತ್ತಿ ಹಳದಿ ಚಡ್ಡಿಯವನ ಬೆನ್ನಿಗೆ ಬಾರಿಸುತ್ತಿದ್ದ. ಸುತ್ತ ಸಾವಿರಾರು ಜನ ಎದ್ದುನಿಂತು ಬೊಬ್ಬೆ ಹಾಕುತ್ತಿದ್ದರು. ಇಷ್ಟು ಜನ ಒಟ್ಟಿಗೆ ಕೂಗಿದರೂ ಒಬ್ಬ ಮನುಷ್ಯನಿಗೆ ತನ್ನ ಹಿಂದೆ ಏನಾಗುತ್ತಿದೆ ಎಂದು ತಿಳಿಯದೆ ಇರುತ್ತದೆಯೇ ಎಂದು ಹಯಗ್ರೀವರಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ನಾಚಿಕೆಯೂ ಆಯಿತು. ಜೀವಮಾನವಿಡೀ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಕುಂಜಿಬೆಟ್ಟಿನ ತನ್ನ ಮನೆಯ ಚಾವಡಿಯಲ್ಲಿ ಕೂತು, ಊಟ ಮಾಡಿದ ಕೈ ಒಣಗುವ ಮೊದಲೇ ಅಮೆರಿಕದ ಹಳೆಯ ಕುಸ್ತಿ ನೋಡುತ್ತ ತೀರ್ಪುಗಾರನ ಮೇಲೆ ಸಿಟ್ಟಾಗುವುದೆಂದರೆ. ಚಿತ್ರ ಮಸುಕಾಗಿತ್ತು. ಅಂಚುಗಳಲ್ಲಿ ಬಣ್ಣ ಸೋರಿದ ಹಾಗೆ ಕಾಣುತ್ತಿತ್ತು. ಯಾರೋ ಹಳೆಯ ಕ್ಯಾಸೆಟ್ಟಿನಿಂದ ಯೂಟ್ಯೂಬಿಗೆ ಹಾಕಿದ್ದನ್ನು ಶರ್ವಾಣಿ ತನ್ನ ಫೋನಿನಿಂದ ಟಿವಿಗೆ ಕೊಟ್ಟಿದ್ದಳು. ಅವಳು ನೆಲದ ಮೇಲೆ, ಸೋಫಾದ ಕಾಲಿಗೆ ಒರಗಿ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಎಂಟು ಹತ್ತು ವರ್ಷದವಳಾಗಿದ್ದಾಗ ಕೂರುತ್ತಿದ್ದ ಹಾಗೆಯೇ. ಈಗ ಕಿವಿಯ ಹಿಂದೆ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು ಕಾಣುತ್ತದೆ.

ಅವಳು ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದುಕೊಂಡು ಬಸ್ಸಿನಲ್ಲಿ ಬಂದು ವಾರ ಕಳೆದಿತ್ತು. ಯಾಕೆ ಬಂದೆ ಎಂದು ಅವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಬಂದ ಮರುದಿನವೇ ಈ ಕುಸ್ತಿ ಶುರುವಾಯಿತು. ಬೆಳಿಗ್ಗೆ ಸ್ನಾನ ಮಾಡಿ, ಅಮ್ಮನಿಗೆ ತರಕಾರಿ ಹೆಚ್ಚಿಕೊಟ್ಟು, ಆಮೇಲೆ ಇಡೀ ದಿನ ಟಿವಿಯ ಮುಂದೆ. ಇವತ್ತು ಸಂಜೆ ನಾಲ್ಕಕ್ಕೆ ಅಳಿಯ ಸುಘೋಷ ಬರುವವನಿದ್ದ, ಜೊತೆಗೆ ಅವನ ಸೋದರಮಾವ, ಪೆರ್ಡೂರಿನ ಗುರುಪ್ರಸಾದ್. ಶರ್ವಾಣಿಯನ್ನು ಹಿರಿಯಡ್ಕಕ್ಕೆ ವಾಪಸು ಕರೆದುಕೊಂಡು ಹೋಗುವುದಕ್ಕೆ. ಫೋನು ಮಾಡಿದ್ದು ಮಾವ. "ನೀವು ಒಂದು ಮಾತು ಹೇಳಿದ್ರೆ ಮುಗೀತು ಮಾಸ್ಟ್ರೇ. ನಿಮ್ಮ ಮಾತು ಮೀರ್ಲಿಕ್ಕುಂಟಾ ಮಗಳು?" ಎಂದಿದ್ದ. ಹಯಗ್ರೀವರು "ಬನ್ನಿ" ಎಂದಿದ್ದರು. ಮನೆಗೆ ಬರುತ್ತೇವೆ ಎನ್ನುವವರಿಗೆ ಬೇರೆ ಏನು ಹೇಳುವುದು? ಆದರೆ ಫೋನು ಇಟ್ಟ ಮೇಲೆ ಆ ಒಂದು ಶಬ್ದ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಉಳಿದುಬಿಟ್ಟಿತ್ತು. ಬನ್ನಿ ಎಂದರೆ ಬನ್ನಿ ಅಷ್ಟೇ, ಕರೆದುಕೊಂಡು ಹೋಗಿ ಎಂದಲ್ಲ. ಹೀಗೆ ತನಗೆ ತಾನೇ ವ್ಯಾಕರಣ ಹೇಳಿಕೊಂಡರೂ ಗುರುಪ್ರಸಾದ್ ಅದನ್ನು ಹೇಗೆ ಕೇಳಿಸಿಕೊಂಡಿದ್ದಾನೆಂದು ಅವರಿಗೆ ಗೊತ್ತಿತ್ತು. ಹಾಗೆ ಕೇಳಿಸಿಕೊಳ್ಳಲಿ ಎಂದೇ ತಾನು ಹಾಗೆ ಹೇಳಿದೆನೋ ಏನೋ.

ಸುಭಾಷಿಣಿ ಅಡಿಗೆಮನೆಯ ಬಾಗಿಲಿಗೆ ಬಂದು ಕಣ್ಣಿನಲ್ಲೇ ಕರೆದಳು. ಒಳಗೆ ಗೋಳಿಬಜೆಗೆ ಕಲಸಿದ ಹಿಟ್ಟು ಮುಚ್ಚಿಟ್ಟಿತ್ತು, ಕಾಫಿಗೆ ಡಿಕಾಕ್ಷನ್ ಇಳಿಯುತ್ತಿತ್ತು. "ಅವರು ಬರುವ ಹೊತ್ತಿಗೆ ಅದೊಂದು ಬಂದ್ ಮಾಡ್ಲಿಕ್ಕೆ ಹೇಳಿ," ಎಂದಳು ದನಿ ತಗ್ಗಿಸಿ, "ಆ ಚಡ್ಡಿಯವರನ್ನು ನೋಡ್ತಾ ಕೂತಿದ್ದಾಳೆ ಅಂತ ಊರೆಲ್ಲ ಹೇಳ್ತಾರೆ ಆ ಮಾವ. ನಾನು ಹೇಳಿದ್ರೆ ಕೇಳುವುದಿಲ್ಲ."

"ನನ್ನ ಮಾತು ಕೇಳ್ತಾಳಾ?"

"ನಿಮ್ಮದಾದ್ರೆ ಕೇಳ್ತಾಳೆ. ಮೊದಲಿಂದ ಹಾಗೇ ಅಲ್ವಾ." ಅವಳು ಒಲೆಯ ಕಡೆ ತಿರುಗಿದಳು. "ತಲೆಗೆ ಎಣ್ಣೆ ಹಾಕ್ತೇನೆ ಅಂದ್ರೂ ಬಿಡುವುದಿಲ್ಲ. ಶನಿವಾರ ಬಿಸಿನೀರು ಕಾಯಿಸಿ, ಎಣ್ಣೆ ಬೆಚ್ಚಗೆ ಮಾಡಿ, ಹಿಂದೆ ಹೋಗಿ ಕೂತರೆ ಹಾರಿ ಎದ್ಲು. ತಲೆ ಮುಟ್ಟಬೇಡ ಅಂತ ಕಿರುಚಿದ್ಲು. ನಾನೆಂತ ಅವಳ ಶತ್ರುವಾ?" ಆಮೇಲೆ, ಬಾಣಲೆ ಒಲೆಯ ಮೇಲಿಡುತ್ತ, "ಹೊಡೆದದ್ದಿದ್ರೆ ಬೇರೆ ಮಾತು. ಹೊಡೆದದ್ದಿಲ್ಲ ಅಂತ ನಿಮ್ಮತ್ರವೇ ಹೇಳಿದ್ದಾಳಲ್ಲ," ಎಂದಳು.

ಹಯಗ್ರೀವರು ಚಾವಡಿಗೆ ವಾಪಸು ಬಂದರು. ಕಳೆದ ತಿಂಗಳು ಮಣಿಪಾಲಕ್ಕೆ ಕಣ್ಣು ತೋರಿಸಲು ಹೋಗಿದ್ದ ದಿನ ಶರ್ವಾಣಿಯ ಫೋನು ಬಂದಿತ್ತು. ಕಣ್ಣಿಗೆ ಮದ್ದು ಬಿಟ್ಟು ಬೆಂಚಿನ ಮೇಲೆ ಕೂರಿಸಿದ್ದರು. ಎದುರಿನ ಗೋಡೆ, ನರ್ಸು, ಪಕ್ಕದಲ್ಲಿ ಕೂತವನ ಮುಖ ಎಲ್ಲವೂ ನೀರಿಗೆ ಬಿದ್ದ ಹಾಗೆ ಕಲಸಿಹೋಗಿದ್ದವು. ಮನೆಯಲ್ಲಿ ತುಳು ಆಡುವ ಅವರಿಗೆ ಫೋನು ಕಿವಿಗಿಟ್ಟರೆ ಕನ್ನಡವೇ ಬರುವುದು, ಅದೂ ಪುಸ್ತಕದ ಕನ್ನಡ. ಮಗಳಿಗೂ ಅದೇ ರೂಢಿಯಾಗಿತ್ತು. "ಅಪ್ಪ, ನಿನ್ನೆ ಇಲ್ಲಿ ಸ್ವಲ್ಪ ಗಲಾಟೆ ಆಯಿತು," ಎಂದಳು. "ಏನು ಗಲಾಟೆ?" "ಇವರಿಗೆ ಸಿಟ್ಟು ಬಂತು." ಪಕ್ಕದವನು ಕೇಳಿಸಿಕೊಳ್ಳುತ್ತಿದ್ದಾನೋ ಎಂದು ಹಯಗ್ರೀವರು ಆಚೆ ತಿರುಗಿ ಕೂತರು. "ಪೆಟ್ಟಾಯಿತಾ?" ಎಂದು ಕೇಳಿದರು. ಆ ಕಡೆ ಎಲ್ಲೋ ಕುಕ್ಕರು ಕೂಗಿದ್ದು ಕೇಳಿಸಿತು. "ಇಲ್ಲ, ಪೆಟ್ಟೇನೂ ಆಗಲಿಲ್ಲ," ಎಂದಳು. ಅಷ್ಟರಲ್ಲಿ ನರ್ಸು ಅವರ ಟೋಕನ್ನು ಕೂಗಿದಳು. "ಕರೆಯುತ್ತಿದ್ದಾರೆ ಮಗಾ, ಇಡುತ್ತೇನೆ," ಎಂದು ಎದ್ದರು. ಎದ್ದು ಒಳಗೆ ಹೋಗುವಾಗ ಎದೆ ಹಗುರವಾದದ್ದು ಈಗಲೂ ನೆನಪಿದೆ. ಮನೆಗೆ ಬಂದು ಕಪ್ಪು ಕನ್ನಡಕ ತೆಗೆಯದೆ ಸುಭಾಷಿಣಿಗೆ ಹೇಳಿದ್ದರು: "ಏನೋ ಮಾತಿಗೆ ಮಾತು ಬೆಳೆದದ್ದಂತೆ. ಹೊಡೆದದ್ದೇನೂ ಇಲ್ಲವಂತೆ."

ಪೆಟ್ಟು. ಈ ಕಡೆಯ ಬಾಯಿಯಲ್ಲಿ ಎಷ್ಟು ಸಸಾರದ ಶಬ್ದ ಅದು. ಮಾಸ್ಟ್ರು ಕೊಡುವುದೂ ಪೆಟ್ಟು, ಮರದಿಂದ ಬಿದ್ದರೆ ಆಗುವುದೂ ಪೆಟ್ಟು. ಬೈಕಿನಿಂದ ಬಿದ್ದವನನ್ನು ಕೇಳುವುದು ಪೆಟ್ಟಾಯಿತಾ ಎಂದು. ಅಂದರೆ ಗಾಯವಾಯಿತಾ, ಊದಿತಾ, ರಕ್ತ ಬಂತಾ ಎಂದು. ಇಲ್ಲ, ಪೆಟ್ಟಾಗಲಿಲ್ಲ ಎಂದು ಅವನು ಹೇಳಿದರೆ ಬೀಳಲೇ ಇಲ್ಲ ಎಂದು ಯಾರೂ ತಿಳಿಯುವುದಿಲ್ಲ. ಅವರು ಕೇಳಿದ್ದು ಗಾಯದ ಬಗ್ಗೆ, ಅವಳು ಉತ್ತರ ಕೊಟ್ಟದ್ದೂ ಗಾಯದ ಬಗ್ಗೆ. ಮನೆಗೆ ತಂದು ಹೆಂಡತಿಗೆ ಕೊಟ್ಟದ್ದು ಮಾತ್ರ ಬೇರೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಹೀಗೆ ಅರ್ಥ ಜಾರಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದವರು ಅವರು. ಆಸ್ಪತ್ರೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಅವರ ಮಾತೇ ಮಗಳ ಮಾತಾಯಿತು, ಸುಭಾಷಿಣಿ ಅದನ್ನು ತಂಗಿಗೆ ಹೇಳಿದಳು, ತಂಗಿಯಿಂದ ಪೆರ್ಡೂರಿಗೆ ಹೋಯಿತು. ತಿಳಿಯದೆ ಆದದ್ದು ಎಂದು ಅವರು ನೂರು ಸಲ ಹೇಳಿಕೊಂಡಿದ್ದಾರೆ. ನೂರು ಸಲ ಹೇಳಿಕೊಳ್ಳಬೇಕಾಗುವುದು ಯಾವ ಮಾತನ್ನು ಎಂಬುದೂ ಅವರಿಗೆ ಗೊತ್ತು.

ಪರದೆಯ ಮೇಲೆ ತೀರ್ಪುಗಾರ ಕೊನೆಗೂ ಇತ್ತ ತಿರುಗಿದ. ಅಷ್ಟರೊಳಗೆ ಕುರ್ಚಿ ಕೆಳಗೆ ಸರಿದಿತ್ತು. ಕಪ್ಪು ಕೋಟಿನವ ಎರಡೂ ಕೈ ಮೇಲೆತ್ತಿ, ನಾನೆಂತ ಮಾಡಿದೆ ಎಂಬ ಮುಖ ಮಾಡಿದ. ತೀರ್ಪುಗಾರ ಮಂಡಿಯೂರಿ, ಬಿದ್ದವನ ಪಕ್ಕದಲ್ಲಿ ನೆಲ ಬಡಿದು ಎಣಿಸತೊಡಗಿದ. "ಈಗ ಎಣಿಸ್ಲಿಕ್ಕೆ ಬಂದ, ಬೇವರ್ಸಿ," ಎಂದಳು ಶರ್ವಾಣಿ. ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಪರಿಚಯದವರನ್ನು ಬೈಯುವ ಸಲಿಗೆ ಇತ್ತು. ಅಪ್ಪ ಇದ್ದಾರೆಂದು ನಾಲಗೆ ಕಚ್ಚಿಕೊಳ್ಳಲೂ ಇಲ್ಲ.

ನಿನ್ನೆ ಕಾಪುವಿನ ಒಂದು ಶಾಲೆಯಲ್ಲಿ ಪದ್ಯ ಕಂಠಪಾಠ ಸ್ಪರ್ಧೆಗೆ ಅವರನ್ನು ಕರೆದಿದ್ದರು. ನಿವೃತ್ತಿಯ ಮೇಲೆ ಅವರಿಗೆ ಉಳಿದದ್ದು ಇದೊಂದು. ಶಿರ್ವದಿಂದ ಕಾರ್ಕಳದವರೆಗೆ ಎಲ್ಲೇ ಭಾಷಣ, ಪ್ರಬಂಧ, ಕಂಠಪಾಠ ನಡೆದರೂ ತೀರ್ಪುಗಾರರ ಮೇಜಿನ ಮಧ್ಯದ ಕುರ್ಚಿ ಹಯಗ್ರೀವ ಮಾಸ್ಟ್ರದ್ದು. ತೀರ್ಪುಗಾರರ ತೀರ್ಮಾನವೇ ಅಂತಿಮ ಎಂದು ಕಾರ್ಯಕ್ರಮ ನಿರೂಪಿಸುವ ಟೀಚರು ಮೈಕಿನಲ್ಲಿ ಹೇಳುವಾಗ ಅವರು ಪ್ರತಿ ಸಲವೂ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ನಿನ್ನೆ ಬಹುಮಾನ ಹೇಳಿ ಮುಗಿದು ಶಾಲು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿರುವಾಗ ಒಬ್ಬಳು ಹೆಂಗಸು ಮೇಜಿನ ಹತ್ತಿರ ಬಂದು ನಿಂತಳು. ಬಂದರಿನಲ್ಲಿ ಮೀನಿನ ವ್ಯಾಪಾರದ ಕಮಲ ಎಂದು ಆಮೇಲೆ ಯಾರೋ ಹೇಳಿದರು. ಕೆಲಸದಿಂದ ನೇರ ಬಂದಿರಬೇಕು, ಸೆರಗಿನ ತುದಿ ಇನ್ನೂ ಒದ್ದೆಯಿತ್ತು. "ಮಾಸ್ಟ್ರೇ, ನನ್ನ ಮಗಳು ಸೌಮ್ಯಶ್ರೀ ಹೇಳುವಾಗ ನೀವು ನೋಡ್ಲೇ ಇಲ್ಲ," ಎಂದಳು. "ಚಾಕ್ಕೆ ಬಿಸ್ಕುಟು ಅದ್ದಿ ಅದ್ದಿ ತಿಂತಾ ಇದ್ರಿ." ಅವರು ನಗಲು ನೋಡಿದರು. "ಕಣ್ಣು ಚಾದಲ್ಲಿ ಇದ್ರೂ ಕಿವಿ ಅಲ್ಲೇ ಇತ್ತಮ್ಮ." "ಕಿವಿ ಇದ್ರೆ ಆಯ್ತಾ? ಅವಳು ನಿಮ್ಮ ಮುಖ ನೋಡಿಕೊಂಡು ಹೇಳಿದ್ದು. ನೀವು ಕೆಳಗೆ ನೋಡಿದ್ರಿ ಅಂತ ಮಧ್ಯದಲ್ಲಿ ಒಂದು ಸಾಲು ಬಿಟ್ಲು." ಹೆಡ್ ಟೀಚರು ಓಡಿ ಬಂದು ಅವಳನ್ನು ಸಮಾಧಾನ ಮಾಡಿ ಕರೆದುಕೊಂಡು ಹೋದರು. ಬಿಡಿ ಸರ್, ಅವರದ್ದು ಬಾಯಿ ಸ್ವಲ್ಪ ಜೋರು ಎಂದರು. ಬಸ್ಸಿನಲ್ಲಿ ಬರುತ್ತ ಹಯಗ್ರೀವರಿಗೆ ಆ ಹುಡುಗಿಯ ಮುಖ ನೆನಪು ಮಾಡಿಕೊಳ್ಳಬೇಕೆನ್ನಿಸಿತು. ಆಗಲಿಲ್ಲ. ಬಿಟ್ಟುಹೋದ ಸಾಲು ಯಾವುದೆಂದು ಮಾತ್ರ ನೆನಪಿತ್ತು, ಅದಕ್ಕೆ ಅಂಕ ಕಳೆದಿದ್ದರು.

ಈ ಕುಸ್ತಿಯ ಹುಚ್ಚು ಶರ್ವಾಣಿಗೆ ಹಿಡಿದದ್ದು ಬರ್ತಾ ಬಾಯಿಯ ಮನೆಯಲ್ಲಿ. ಆಗ ಅವರು ಶಿರ್ವದಲ್ಲಿ ಬಾಡಿಗೆಗೆ ಇದ್ದರು, ಬರ್ತಾ ಬಾಯಿಯದು ಪಕ್ಕದ ಮನೆ. ಅವಳ ಗಂಡ ಮಸ್ಕತ್ತಿನಿಂದ ತಂದ ದೊಡ್ಡ ಟಿವಿಯಲ್ಲಿ ಭಾನುವಾರ ಮಧ್ಯಾಹ್ನ ಕೇರಿಯ ಮಕ್ಕಳೆಲ್ಲ ಕುಸ್ತಿ ನೋಡುತ್ತಿದ್ದರು. ಜೇಬಿನಲ್ಲಿ ಕುಸ್ತಿಯವರ ಚಿತ್ರದ ಟ್ರಂಪ್ ಕಾರ್ಡು, ಯಾವನ ಎತ್ತರ ಎಷ್ಟು ಯಾವನ ಎದೆ ಎಷ್ಟು ಎಂದು ಜಗಳ. ಕಪ್ಪು ಕೋಟಿನವನಿಗೆ ಮಕ್ಕಳು ಕಕ್ಕೆ ಎಂದು ಹೆಸರಿಟ್ಟಿದ್ದರು, ತುಳುವಿನಲ್ಲಿ ಕಾಗೆ. ಮಗಳನ್ನು ಕರೆಯಲು ಹೋದ ಹಯಗ್ರೀವರು ಚಪ್ಪಲಿ ಕಳಚದೆ ಹೊಸ್ತಿಲಿನ ಈಚೆಗೇ ನಿಲ್ಲುತ್ತಿದ್ದರು. ಬರ್ತಾ ಬಾಯಿ ತೊಡೆಯ ಮೇಲೆ ಅಕ್ಕಿಯ ಗೆರಸೆ ಇಟ್ಟುಕೊಂಡು, "ಒಳಗೆ ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ. ಇವತ್ತು ಕಕ್ಕೆಗೆ ಸಮಾ ಪೆಟ್ಟು ಬೀಳ್ಲಿಕ್ಕುಂಟು," ಎನ್ನುತ್ತಿದ್ದಳು. ಅವರು ಒಳಗೆ ಹೋಗುತ್ತಿರಲಿಲ್ಲ. ಅಲ್ಲಿಂದಲೇ ಮಕ್ಕಳಿಗೆ ತಿಳಿವಳಿಕೆ ಕೊಡುತ್ತಿದ್ದರು. "ಇದೆಲ್ಲ ನಾಟಕ. ಯಾರು ಗೆಲ್ಲಬೇಕು, ಯಾರು ಬೀಳಬೇಕು, ಎಲ್ಲ ಅವರು ಮೊದಲೇ ಮಾತಾಡಿಕೊಂಡಿರ್ತಾರೆ. ಯಾರಿಗೂ ಪೆಟ್ಟಾಗುವುದಿಲ್ಲ." "ರಕ್ತ?" ಎಂದು ಕೇಳಿದ್ದಳು ಶರ್ವಾಣಿ. "ಬಣ್ಣ." ಮಕ್ಕಳ ಮುಖಗಳು ಒಂದೊಂದಾಗಿ ಸಪ್ಪೆಯಾಗುವುದನ್ನು ನೋಡುವುದರಲ್ಲಿ ಅವರಿಗೆ ಒಂದು ಸುಖವಿತ್ತು. ಅದಕ್ಕೆ ಅವರು ವಿಚಾರವಂತಿಕೆ ಎಂದು ಹೆಸರಿಟ್ಟುಕೊಂಡಿದ್ದರು. ಶರ್ವಾಣಿಯ ಮುಖ ಮಾತ್ರ ಸಪ್ಪೆಯಾಗುತ್ತಿರಲಿಲ್ಲ. ಅವಳು ಕಕ್ಕೆಯನ್ನು ಬೈದದ್ದೇ ಇಲ್ಲ. ಅವನ ಕೆಲಸವೇ ಅದು ಎಂಬಂತೆ ಬಿಟ್ಟುಬಿಡುತ್ತಿದ್ದಳು. ಅವಳ ಸಿಟ್ಟೆಲ್ಲ ಪಟ್ಟೆ ಅಂಗಿಯವನ ಮೇಲೆ. ಎದ್ದುನಿಂತು, ಗಂಟಲು ಹರಿಯುವ ಹಾಗೆ, "ಹಿಂದೆ ನೋಡು ಮಾರಾಯ! ಹಿಂದೆ ನೋಡು!" ಎಂದು ಕಿರುಚುತ್ತಿದ್ದಳು. ಒಮ್ಮೆ ಶಾಲೆಯ ದಾರಿಯಲ್ಲಿ ಕೈ ಹಿಡಿದುಕೊಂಡು ಬರುತ್ತಿರುವಾಗ ಕೇಳಿದ್ದಳು, "ಅಪ್ಪ, ಅವನು ನೋಡದ ಹಾಗೆ ಮಾಡುವುದೂ ನಾಟಕವಾ?" ಹೌದು ಎಂದಿದ್ದರು. "ಮತ್ತೆ ಅವನಿಗೆ ಗೊತ್ತಿರ್ತದೆ ಅಲ್ವಾ ಹಿಂದೆ ಹೊಡೀತಿದ್ದಾರೆ ಅಂತ?" ಆಗ ಏನು ಹೇಳಿದ್ದೆ ಎಂಬುದು ಅವರಿಗೆ ನೆನಪಿಲ್ಲ. ಹೊತ್ತಾಯಿತು, ಬೇಗ ನಡೆ ಎಂದಿರಬೇಕು.

ಗೇಟಿನ ಸದ್ದಾಯಿತು. ಶರ್ವಾಣಿ ಏಳಲಿಲ್ಲ, ಟಿವಿಯ ದನಿಯನ್ನಷ್ಟೇ ತಗ್ಗಿಸಿದಳು.

ಮೊದಲು ಒಳಗೆ ಬಂದದ್ದು ಗುರುಪ್ರಸಾದ್. ಹೊಟ್ಟೆ, ಅದರ ಹಿಂದೆ ನಗು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. "ಪೆರ್ಡೂರು ದೇವರಿಗೆ ಸೇವೆ ಕೊಟ್ಟು ತಂದದ್ದು ಮಾಸ್ಟ್ರೇ. ಎಲ್ಲ ಸರಿಯಾಗ್ಲಿ ಅಂತ." ಹಿಂದಿನಿಂದ ಸುಘೋಷ. ಕಾರ್ಕಳದ ಒಂದು ಪಿಯು ಕಾಲೇಜಿನಲ್ಲಿ ಗಣಿತದ ಲೆಕ್ಚರರ್, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬಾಗಿ ಹಯಗ್ರೀವರ ಕಾಲು ಮುಟ್ಟಿದ. ಅವರ ಕೈ ತಾನಾಗಿ ಮೇಲೆ ಹೋಗಿ ಆಶೀರ್ವಾದ ಮಾಡಿತು. ಕೈ ಕೆಳಗೆ ಬರುವಾಗ ಅದನ್ನು ಮಗಳು ನೋಡಿದಳೆಂದು ಅವರಿಗೆ ಗೊತ್ತಾಯಿತು. ನೋಡಿ ಮತ್ತೆ ಟಿವಿಯ ಕಡೆ ತಿರುಗಿದಳು. ಸುಘೋಷ, "ಹೇಗಿದ್ದೀ?" ಎಂದ. "ಇದ್ದೇನೆ," ಎಂದಳು.

ಸ್ವಲ್ಪ ಹೊತ್ತು ಹೆದ್ದಾರಿಯ ಕೆಲಸದ ಮಾತು, ಸೆಕೆಯ ಮಾತು. ಗುರುಪ್ರಸಾದ್ ಕೂತ ಕುರ್ಚಿ ಟಿವಿಗೆ ನೇರ ಎದುರಿತ್ತು. ಮಾತಾಡುತ್ತ ಆಡುತ್ತ ಅವನ ಕಣ್ಣು ಅಲ್ಲಿಗೆ ಹೋಗಿ ಅಂಟಿಕೊಂಡಿತು. "ಓ, ಇದಾ! ನಮ್ಮ ಹುಡುಗರು ಹಿಂದೆ ನೋಡ್ತಿದ್ರು ಮಾರಾಯ್ರೆ. ಮಂಚದಿಂದ ಮಂಚಕ್ಕೆ ಹಾರಿ ಒಬ್ಬನ ಹಲ್ಲು ಹೋಗಿತ್ತು." ಸುಭಾಷಿಣಿ ಗೋಳಿಬಜೆಯ ತಟ್ಟೆ ಇಟ್ಟು, ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ ಒಳಗೆ ಹೋದಳು. ಗುರುಪ್ರಸಾದ್ ಒಂದು ಬಜೆಯನ್ನು ಬಾಯಿಗೆ ಹಾಕಿಕೊಂಡು, ಬಿಸಿಗೆ ಉಸಿರೂದುತ್ತ, "ಅಲ್ಲ ಮಾಸ್ಟ್ರೇ, ಇದೆಲ್ಲ ಲೊಟ್ಟೆ ಅಲ್ವಾ? ಇಷ್ಟು ಪೆಟ್ಟು ತಿಂದ್ರೆ ಮನುಷ್ಯ ಬದುಕ್ಲಿಕ್ಕುಂಟಾ?" ಎಂದ.

ಹಯಗ್ರೀವರು ಬಾಯಿ ತೆರೆಯುವ ಮೊದಲು ಸುಘೋಷ ಹೇಳಿದ, "ಸದ್ದು ಕಾಲಿನದ್ದು ಮಾವ. ನೋಡಿ, ಕೈ ಬೀಸುವಾಗಲೇ ಕಾಲನ್ನು ನೆಲಕ್ಕೆ ಬಡೀತಾನೆ. ಕೆಳಗೆ ಹಲಗೆ, ಅದಕ್ಕೆ ಡಂ ಅಂತ ಕೇಳ್ತದೆ." ತರಗತಿಯಲ್ಲಿ ನಿಂತವನ ಹಾಗೆ ಅವನ ಮುಖ ಅರಳಿತು. ವಿವರಿಸುವುದು ಅವನಿಗೆ ಬರುತ್ತಿತ್ತು. ಮಕ್ಕಳಿಗೆ ಅವನ ಪಾಠ ಇಷ್ಟವಂತೆ ಎಂದು ಮದುವೆಗೆ ಮೊದಲು ಯಾರೋ ಹೇಳಿದ್ದರು. "ನಿಜವಾಗಿ ಹೊಡೆದರೂ ಹಾಗೇ. ಎಲ್ಲಿಗೆ ಹೊಡೀತೇವೆ ಅನ್ನುವುದರಲ್ಲಿ ಉಂಟು. ಕೆನ್ನೆಗೆ ಕೊಟ್ರೆ ಬೆರಳು ಮೂಡ್ತದೆ, ಮರುದಿನ ಪೇರೆಂಟ್ಸ್ ಬಂದು ಕೂತ್ಕೊಳ್ತಾರೆ. ನಮ್ಮ ಹಾಸ್ಟೆಲಿನ ವಾರ್ಡನ್‌ಗಳಿಗೆಲ್ಲ ಗೊತ್ತುಂಟು. ಇಲ್ಲಿ," ಎಂದು ತನ್ನ ತಲೆಯ ಹಿಂಭಾಗವನ್ನು, ಕತ್ತಿನ ಮೇಲೆ ಕೂದಲು ದಟ್ಟವಾಗಿದ್ದ ಜಾಗವನ್ನು, ಅಂಗೈಯ ಬುಡದಿಂದ ಮೆಲ್ಲನೆ ತಟ್ಟಿಕೊಂಡ. "ಕೂದಲಿನೊಳಗೆ ಎಂತದೂ ಕಾಣುವುದಿಲ್ಲ." ನಕ್ಕ. ಗುರುಪ್ರಸಾದನೂ ನಕ್ಕ. "ಅದಕ್ಕೇ ಇವನ ಕ್ಲಾಸಲ್ಲಿ ರಿಸಲ್ಟ್ ನೂರಕ್ಕೆ ನೂರು ಮಾಸ್ಟ್ರೇ!"

ಹಯಗ್ರೀವರೂ ನಗಲು ತುಟಿ ಬಿಚ್ಚಿದ್ದರು. ಅವರ ಕಾಲದಲ್ಲಿ ಅವರೂ ಬೆತ್ತ ಹಿಡಿದವರೇ. ಕೈ ಮುಂದೆ ಮಾಡು ಎಂದು ಹೇಳಿ, ಅಂಗೈ ನಡುಗುವುದನ್ನು ನೋಡಿ, ಒಂದು ಕ್ಷಣ ಕಾಯಿಸಿ ಆಮೇಲೆ ಹೊಡೆಯುತ್ತಿದ್ದರು. ಆ ಒಂದು ಕ್ಷಣ ಯಾಕೆ ಕಾಯಿಸುತ್ತಿದ್ದೆ ಎಂದು ಯಾರೂ ಅವರನ್ನು ಕೇಳಿದ್ದಿಲ್ಲ. ತುಟಿ ಬಿಚ್ಚಿದ್ದು ಹಾಗೆಯೇ ಉಳಿಯಿತು. ನೆಲದ ಮೇಲೆ ಕೂತ ಶರ್ವಾಣಿಯ ಭುಜಗಳೆರಡೂ ಕಿವಿಯವರೆಗೆ ಏರಿದ್ದವು. ಅವಳು ಸುಘೋಷನನ್ನು ನೋಡುತ್ತಿರಲಿಲ್ಲ. ಅವನ ಅಂಗೈ ತಲೆಗೆ ತಟ್ಟಿದ ಸಣ್ಣ ಸದ್ದು ಕೇಳಿಸಿತ್ತು, ಅಷ್ಟೇ. ಭುಜ ಎತ್ತಿ, ತಲೆಯನ್ನು ಆಮೆಯ ಹಾಗೆ ಒಳಗೆ ಎಳೆದುಕೊಂಡು, ಪರದೆಯ ಮೇಲೆ ಕಣ್ಣು ನೆಟ್ಟು ಕೂತಿದ್ದಳು. ಆಮೇಲೆ ಭುಜಗಳು ನಿಧಾನವಾಗಿ, ಒಂದೊಂದಾಗಿ, ಕೆಳಗಿಳಿದವು. ತಲೆ ಮುಟ್ಟಬೇಡ. ಬೆಚ್ಚಗಿನ ಎಣ್ಣೆಯ ಬಟ್ಟಲು. ಹಾರಿ ಎದ್ದಳಂತೆ. ಹಯಗ್ರೀವರು ಕೈಯಲ್ಲಿದ್ದ ಬಜೆಯನ್ನು ತಟ್ಟೆಗೆ ವಾಪಸು ಇಟ್ಟರು. ಅಡಿಗೆಮನೆಯ ಬಾಗಿಲಲ್ಲಿ ಕಾಫಿಯ ಲೋಟಗಳನ್ನು ಹಿಡಿದು ನಿಂತ ಸುಭಾಷಿಣಿ ಮಗಳ ಕೂದಲನ್ನೇ ನೋಡುತ್ತಿದ್ದಳು.

"ಮತ್ತೆ ಮಾಸ್ಟ್ರೇ," ಎಂದು ಗುರುಪ್ರಸಾದ್ ಕೈ ಒರೆಸಿಕೊಂಡ, "ವಿಷಯಕ್ಕೆ ಬರುವ. ಗಂಡ ಹೆಂಡತಿ ಅಂದ ಮೇಲೆ ಒಂದು ಮಾತು ಬರ್ತದೆ ಹೋಗ್ತದೆ. ಪೆಟ್ಟುಗಿಟ್ಟು ಆದದ್ದಿದ್ರೆ ನಾನೇ ಇವನ ಕಿವಿ ಹಿಂಡ್ತಿದ್ದೆ. ಹಾಗೆಂತದೂ ಇಲ್ಲ. ನೀವೊಂದು ಮಾತು ಹೇಳಿ, ಶರ್ವಾಣಿ ಬ್ಯಾಗು ತಕ್ಕೊಳ್ಳಲಿ. ಕತ್ತಲಾಗುವ ಮೊದಲು ಹಿರಿಯಡ್ಕ ಮುಟ್ಟಬಹುದು."

ಎಲ್ಲರೂ ತನ್ನ ಕಡೆ ನೋಡುವುದು ಹಯಗ್ರೀವರಿಗೆ ಹೊಸದಲ್ಲ. ಇಂಥ ಹೊತ್ತಿನಲ್ಲಿ ಅವರು ಗಂಟಲು ಸರಿಮಾಡಿಕೊಂಡು, ಇಬ್ಬರೂ ಚೆನ್ನಾಗಿ ಮಾಡಿದ್ದಾರೆ ಎಂದು ಶುರು ಮಾಡುತ್ತಾರೆ. ಆ ವಾಕ್ಯ ನಾಲಗೆಯ ತುದಿಗೆ ಬಂದೇ ಬಂತು. ಶರ್ವಾಣಿ ಮಾತ್ರ ಅವರ ಕಡೆ ನೋಡುತ್ತಿರಲಿಲ್ಲ. ಹಿಂದೆ ನೋಡು ಎಂದು ಕಿರುಚುತ್ತಿದ್ದ ಹುಡುಗಿ ಕಿರುಚುವುದನ್ನು ಯಾವಾಗ ಬಿಟ್ಟಳೋ.

"ಸುಘೋಷ," ಎಂದರು. ಅಳಿಯನನ್ನು ಮದುವೆಯ ದಿನದಿಂದ ನೀವು ಎಂದೇ ಕರೆದವರು. "ನೀನು ಇವಳಿಗೆ ಹೊಡೆದದ್ದುಂಟಾ?"

ಟಿವಿಯಲ್ಲಿ ಯಾರೋ ಧೊಪ್ಪನೆ ಬಿದ್ದರು. ಸುಘೋಷನಿಗೆ ಮೊದಲು ತಾಗಿದ್ದು ಪ್ರಶ್ನೆಯಲ್ಲ, ನೀನು ಎಂಬುದು. ಅವನ ಕಿವಿ ಕೆಂಪಾಯಿತು. ಗುರುಪ್ರಸಾದ್ ಕೈ ಅಡ್ಡ ಮಾಡಿದ. "ಅದೆಂತ ಈಗ ಮಾಸ್ಟ್ರೇ? ಹೊಡೆದದ್ದಿಲ್ಲ ಅಂತ ಹೇಳಿದ್ದು ನೀವೇ ಅಲ್ವಾ?"

"ಪೆಟ್ಟಾಗಲಿಲ್ಲ ಅಂತ ಹೇಳಿದ್ದು ಅವಳು. ಹೊಡೆದದ್ದಿಲ್ಲ ಅಂತ ಹೇಳಿದ್ದು ನಾನು." ದನಿ ಪಾಠ ಮಾಡುವ ಹಾಗೆಯೇ ಬಂತು. "ಎರಡೂ ಒಂದೇ ಅಲ್ಲ."

"ನೀನು ಹೇಳು," ಎಂದ ಸುಘೋಷ ಹೆಂಡತಿಗೆ.

ಶರ್ವಾಣಿ ತಿರುಗದೆ ಹೇಳಿದಳು, "ಅಪ್ಪ ಕೇಳಿದ್ದು ನಿಮ್ಮತ್ರ."

ಸುಘೋಷ ಜೇಬಿನ ಪೆನ್ನನ್ನು ತೆಗೆದ, ಮತ್ತೆ ಹಾಕಿದ. "ಮನೆ ಅಂದ ಮೇಲೆ ಒಂದೊಂದು ಸಲ ಕೈ ಹೋಗ್ತದೆ," ಎಂದ. "ಪೆಟ್ಟಾಗುವ ಹಾಗೆ ಹೊಡೆದವನಲ್ಲ ನಾನು. ಬೇಕಾದ್ರೆ ನೋಡಿ, ಒಂದು ಗುರುತು ಇದ್ರೆ ಹೇಳಿ."

ಸುಭಾಷಿಣಿ ಬಂದು ಕಾಫಿಯ ಲೋಟಗಳನ್ನು ತಟ್ಟೆಯ ಸಮೇತ ಮೇಜಿನ ಮೇಲಿಟ್ಟಳು, ಯಾರ ಮುಂದೆಯೂ ಹಿಡಿಯದೆ. ಆ ಮನೆಯಲ್ಲಿ ಅಳಿಯನ ಕೈಗೆ ಕೊಡದೆ ಕಾಫಿ ಇಟ್ಟದ್ದು ಅದೇ ಮೊದಲು. ಹಯಗ್ರೀವರು ಎದ್ದುನಿಂತರು. "ಅವಳು ಬರುವುದಿಲ್ಲ," ಎಂದರು.

"ಅದನ್ನು ನಾನು ಹೇಳ್ತೇನೆ ಅಪ್ಪ," ಎಂದಳು ಶರ್ವಾಣಿ. ಈಗ ಎದ್ದಿದ್ದಳು. ಕಾಲು ಜೋಮು ಹಿಡಿದಿರಬೇಕು, ಸೋಫಾದ ಅಂಚು ಹಿಡಿದುಕೊಂಡೇ ನಿಂತು, ಗಂಡನನ್ನು ನೇರ ನೋಡಿ, "ನಾನು ಬರುವುದಿಲ್ಲ. ಮಣಿಪಾಲದಲ್ಲಿ ಮೊದಲು ಕೆಲಸಕ್ಕಿದ್ದ ಲ್ಯಾಬಿಗೇ ಸೋಮವಾರದಿಂದ ಹೋಗ್ತೇನೆ. ಮಾತಾಡಿ ಆಗಿದೆ," ಎಂದಳು. ಬ್ಯಾಗು ಹಿಡಿದು ಬಂದ ದಿನವೇ ಮಾತಾಡಿದ್ದಳೋ ಏನೋ. ಈ ವಾರವಿಡೀ ಅವಳು ತನ್ನ ಒಂದು ಮಾತಿಗೆ ಕಾಯುತ್ತ ಕೂತಿದ್ದಾಳೆ, ಅದು ಈ ಕಡೆಯೂ ಬೀಳಬಹುದು ಆ ಕಡೆಯೂ ಬೀಳಬಹುದು ಎಂದುಕೊಂಡು ನಿದ್ದೆಗೆಟ್ಟವರು ಹಯಗ್ರೀವರು. ಅವಳಿಗೆ ಅದು ಬೇಕಾಗಿಯೇ ಇರಲಿಲ್ಲ. ಕೂತುಕೊಳ್ಳಲೋ ನಿಂತೇ ಇರಲೋ ತಿಳಿಯದೆ ಅವರು ಕುರ್ಚಿಯ ಕೈ ಹಿಡಿದುಕೊಂಡರು.

ಹೋಗುವಾಗ ಗುರುಪ್ರಸಾದ್ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುತ್ತ, "ನಿಮ್ಮಿಂದ ಇದನ್ನು ಎಣಿಸಿರ್ಲಿಲ್ಲ ಮಾಸ್ಟ್ರೇ," ಎಂದ. "ಎಷ್ಟು ಜನರ ಜಗಳ ಬಿಡಿಸಿದವರು ನೀವು." ಸುಘೋಷ ಈ ಸಲ ಕಾಲು ಮುಟ್ಟಲಿಲ್ಲ. ಕಾರು ತಿರುಗಿಸುವಾಗ ಗೇಟಿನ ಕಂಬಕ್ಕೆ ತಾಗದ ಹಾಗೆ ಎರಡು ಸಲ ಹಿಂದೆ ಮುಂದೆ ಮಾಡಿ, ಜಾಗ್ರತೆಯಾಗಿ ತೆಗೆದುಕೊಂಡು ಹೋದ.

ಒಳಗೆ ಬಂದರೆ ಸುಭಾಷಿಣಿ ಮಗಳ ಪಕ್ಕದಲ್ಲಿ ನಿಂತಿದ್ದಳು. ಕೈ ಮಗಳ ತಲೆಯ ಹತ್ತಿರ ಹೋಗಿ, ಮುಟ್ಟದೆ, ಹಾಗೆಯೇ ವಾಪಸು ಬಂತು. "ಬಜೆಯೆಲ್ಲ ತಣ್ಣಗಾಯ್ತು," ಎಂದು ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಒಲೆ ಹೊತ್ತಿಸಿದ ಸದ್ದು ಕೇಳಿಸಿತು.

ಶರ್ವಾಣಿ ಮತ್ತೆ ತನ್ನ ಜಾಗದಲ್ಲಿ ಕೂತು ಟಿವಿಯ ದನಿ ಏರಿಸಿದಳು. ಧನ್ಯವಾದದಂಥದ್ದು ಏನಾದರೂ ಅವಳ ಮುಖದಲ್ಲಿ ಇದೆಯೋ ಎಂದು ಹಯಗ್ರೀವರು ಕಳ್ಳನ ಹಾಗೆ ನೋಡಿದರು. ಇರಲಿಲ್ಲ. ಬಿದ್ದವನನ್ನು ಎಣಿಸಲು ಬಂದ ಪಟ್ಟೆ ಅಂಗಿಯವನನ್ನು ನೋಡುವಾಗ ಇದ್ದ ಸಲಿಗೆ ಇತ್ತು, ಅಷ್ಟೇ. ಅವರು ಕುರ್ಚಿ ಬಿಟ್ಟು, ಮಂಡಿಯ ನೋವಿಗೆ ಮುಖ ಹಿಂಡುತ್ತ, ಅವಳಿಂದ ಒಂದು ಮೊಳ ಈಚೆಗೆ ನೆಲದ ಮೇಲೆ ಕೂತರು. ಬರ್ತಾ ಬಾಯಿಯ ಮನೆಯಲ್ಲಿ ಒಂದು ದಿನವೂ ಹೀಗೆ ಕೂತಿರಲಿಲ್ಲ. ಕೆಳಗಿನಿಂದ ನೋಡಿದರೆ ಆ ಮನುಷ್ಯರು ಬಹಳ ದೊಡ್ಡದಾಗಿ ಕಾಣುತ್ತಿದ್ದರು. ಹಳದಿ ಚಡ್ಡಿಯವನು ಹಗ್ಗ ಹಿಡಿದು ಏಳಲು ನೋಡುತ್ತಿದ್ದ. ಅವನ ಬೆನ್ನಿನ ಮೇಲೆ ಅಡ್ಡಲಾಗಿ, ಕುರ್ಚಿಯ ಅಂಚಿನ ಅಗಲಕ್ಕೆ, ಕೆಂಪು ಬರೆ ಎದ್ದಿತ್ತು. ಅದು ಬಣ್ಣವಲ್ಲ. ಇಷ್ಟು ಹಳೆಯ, ಇಷ್ಟು ಮಸುಕಾದ ಚಿತ್ರದಲ್ಲೂ ಅದು ಬಣ್ಣವಲ್ಲ ಎಂದು ಗೊತ್ತಾಗುತ್ತಿತ್ತು.

"ಅವರಿಗೆ ಪೆಟ್ಟಾಗ್ತದಾ?" ಎಂದು ಕೇಳಿದರು.

ಶರ್ವಾಣಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಆಗ್ತದೆ ಅಪ್ಪ. ಸಮಾ ಆಗ್ತದೆ," ಎಂದಳು. ಮೊಣಕಾಲನ್ನು ಎದೆಗೆ ಎಳೆದುಕೊಂಡು, "ಆದ್ರೆ ನೀವೇ ಹೇಳ್ತಿದ್ರಲ್ಲ, ಅವರು ಇಬ್ಬರೂ ಒಪ್ಪಿ ಮೊದಲೇ ಮಾತಾಡಿಕೊಂಡಿರ್ತಾರೆ."